ಹೊಡೆದ ಮೇಲೆ ಹೊರೋರು ಯಾರು? ಕೊಲೊರಾಡೋ ಬೆಟ್ಟದಲ್ಲಿ ಒಂಟಿ ಬೇಟೆಯ ಒಂದು ಪ್ರಕರಣ

ನನ್ನ ಗೆಳೆಯ ಸಕಲೇಶಪುರ ಕಡೆಯವನು. ಈಗ ಡೆನ್ವರ್ ಹತ್ತಿರ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಗ್ರೀನ್ ಕಾರ್ಡ್ ಇದೆ, ಹೆಂಡತಿ ಮಕ್ಕಳಿದ್ದಾರೆ, ವಯಸ್ಸು ನಲವತ್ತು ದಾಟಿದೆ. ಆಫೀಸಿನವರ ಜೊತೆ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆಗೆ ಹೋಗಿ ಮಾಂಸ ಹೊತ್ತು ಬಂದ ಅನುಭವ ಉಂಟು. ಆದರೆ ತಾನೇ ಲೈಸೆನ್ಸ್ ತೆಗೆದು, ತಾನೇ ಜಾಗ ಹುಡುಕಿ, ತಾನೇ ಗುಂಡು ಹಾರಿಸಿದ್ದು ಇಲ್ಲ. ಹೋದ ವರ್ಷ ಅವನಿಗೆ ಗಂಡು ಮ್ಯೂಲ್ ಡೀರ್ ಜಿಂಕೆಯ ಟ್ಯಾಗ್, ಅಂದರೆ ಒಂದು ಪ್ರಾಣಿ ಹೊಡೆಯುವ ಪರವಾನಗಿ, ಸಿಕ್ಕಿತು. ಜೊತೆಗೆ ಹೋಗಬೇಕಾಗಿದ್ದವರಿಗೆ ಸಿಗಲಿಲ್ಲ. ನನಗೂ ಆ ವಾರ ಬೇರೆ ಕೆಲಸವಿತ್ತು. "ಒಬ್ನೇ ಹೋಗ್ತೀನಿ ಅಣ್ಣ, ಪ್ಲ್ಯಾನ್ ಒಂದ್ಸಲ ನೋಡಿಬಿಡಿ" ಅಂತ ಮನೆಗೆ ಬಂದ.

ಆ ಪ್ಲ್ಯಾನ್ ಹೇಗಿತ್ತು, ಅದರಲ್ಲಿ ಏನೇನು ಬದಲಾಯಿತು, ಬೆಟ್ಟದ ಮೇಲೆ ನಿಜಕ್ಕೂ ಏನಾಯಿತು ಅನ್ನುವುದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ಅವನ ಒಪ್ಪಿಗೆ ಇದೆ. ಹೆಸರು ಮಾತ್ರ ಬೇಡ ಅಂದಿದ್ದಾನೆ.

ಊರಲ್ಲಿ ಕೂತು ಓದುವವರಿಗೆ ಒಂದು ಮಾತು ಮೊದಲೇ ಹೇಳಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಅದು ಸರಿಯಾದ ಕಾನೂನು ಅಂತಲೇ ನನ್ನ ಅಭಿಪ್ರಾಯ. ಇಲ್ಲಿನ ವ್ಯವಸ್ಥೆ ಬೇರೆ. ಯಾವ ಬೆಟ್ಟದಲ್ಲಿ ಎಷ್ಟು ಜಿಂಕೆ ಇವೆ, ಅದರಲ್ಲಿ ಗಂಡೆಷ್ಟು ಹೆಣ್ಣೆಷ್ಟು ಅಂತ ರಾಜ್ಯದ ವನ್ಯಜೀವಿ ಇಲಾಖೆ, ಅಂದರೆ ಕೊಲೊರಾಡೋ ಪಾರ್ಕ್ಸ್ ಅಂಡ್ ವೈಲ್ಡ್‌ಲೈಫ್, ಅಂದಾಜು ಮಾಡುತ್ತದೆ. ಆ ಲೆಕ್ಕದ ಮೇಲೆ ಇಷ್ಟೇ ಟ್ಯಾಗ್ ಅಂತ ನಿಗದಿ ಮಾಡುತ್ತದೆ. 2022-23ರ ಚಳಿಗಾಲದಲ್ಲಿ ರಾಜ್ಯದ ವಾಯವ್ಯ ಮೂಲೆಯಲ್ಲಿ ವಿಪರೀತ ಹಿಮ ಬಿದ್ದು ಜಿಂಕೆಗಳು ಮೇವಿಲ್ಲದೆ ಸತ್ತವು. 2023ರ ಬೇಟೆ ಸೀಸನ್‌ಗೆ ಆ ಕಡೆಯ ಟ್ಯಾಗ್‌ಗಳನ್ನು ಇಲಾಖೆ ಬಹಳ ಕಡಿತ ಮಾಡಿತು. ಬೇಟೆಗಾರರು ಕೊಡುವ ಲೈಸೆನ್ಸ್ ಹಣ, ಮತ್ತೆ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ಬಂದೂಕು, ತೋಟೆಗಳ ಮೇಲೆ ಬೀಳುವ ತೆರಿಗೆ, ಇವೆರಡರಿಂದಲೇ ವನ್ಯಜೀವಿ ಕೆಲಸದ ದೊಡ್ಡ ಪಾಲು ನಡೆಯುತ್ತದೆ.

ಟ್ಯಾಗ್ ಕೈಗೆ ಬಂದ ಬಗೆ

ಮ್ಯೂಲ್ ಡೀರ್ ಅಂದರೆ ಹೇಸರಗತ್ತೆಗೆ ಇರುವಂಥ ದೊಡ್ಡ ಕಿವಿಯ ಜಿಂಕೆ. ಪೃಷ್ಠ ಬಿಳಿ, ಬಾಲದ ತುದಿ ಕಪ್ಪು, ಗಂಡಿನ ಕೊಂಬು ಕವಲೊಡೆದು ಮತ್ತೆ ಕವಲೊಡೆಯುತ್ತದೆ. ನಮ್ಮ ಕಡವೆಗಿಂತ ಚಿಕ್ಕದು, ಚುಕ್ಕೆ ಜಿಂಕೆಗಿಂತ ದಪ್ಪ. ಕೊಲೊರಾಡೋದಲ್ಲಿ ಇದರ ಟ್ಯಾಗ್ ಅಂಗಡಿಗೆ ಹೋಗಿ ಕೊಳ್ಳುವಂಥದ್ದಲ್ಲ, ಲಾಟರಿಯಲ್ಲಿ ಬರಬೇಕು. ಮಾರ್ಚ್‌ನಲ್ಲಿ ಅರ್ಜಿ ಶುರು, ಏಪ್ರಿಲ್ ಮೊದಲ ಮಂಗಳವಾರ ಕೊನೆ. ಮೊದಲ ಆಯ್ಕೆ ಸಿಗದಿದ್ದರೆ ಒಂದು ಪಾಯಿಂಟ್ ಜಮಾ ಆಗುತ್ತದೆ, ಮುಂದಿನ ವರ್ಷ ಅಷ್ಟರಮಟ್ಟಿಗೆ ಮುಂದಿರುತ್ತೀರಿ. ಇವನು ಹಾಗೆ ಪಾಯಿಂಟ್ ಕೂಡಿಟ್ಟು, ಗ್ರ್ಯಾಂಡ್ ಕೌಂಟಿಯ 18ನೇ ಯೂನಿಟ್‌ಗೆ (ಯೂನಿಟ್ ಅಂದರೆ ಇಲಾಖೆ ಗುರುತಿಸಿದ ಬೇಟೆ ವಲಯ), ರೈಫಲ್‌ನ ಎರಡನೇ ಸೀಸನ್‌ಗೆ ಹಾಕಿದ್ದ. ಅರ್ಜಿಯಲ್ಲಿ ಬರೆಯುವ ಸಂಕೇತ ಡಿ-ಎಮ್-018-ಓ2-ಆರ್. ಜಿಂಕೆ, ಗಂಡು, ಯೂನಿಟ್, ಸೀಸನ್, ರೈಫಲ್ ಅಂತ ಕ್ರಮವಾಗಿ ಓದಿಕೊಳ್ಳಬೇಕು. ಒಂದು ಅಕ್ಷರ ತಪ್ಪಿದರೆ ಬೇರೆಯದೇ ಟ್ಯಾಗ್ ಬರುತ್ತದೆ.

1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆಲ್ಲ ಹಂಟರ್ ಎಜುಕೇಶನ್ ಸರ್ಟಿಫಿಕೇಟ್ ಕಡ್ಡಾಯ. ಅವನು ಅದನ್ನು ಮುಗಿಸಿದ್ದ. ಆರು ತಿಂಗಳು ಸತತ ಇಲ್ಲಿ ವಾಸವಿದ್ದರೆ ಸ್ಥಳೀಯರ ದರ ಸಿಗುತ್ತದೆ, ಹೊರರಾಜ್ಯದವರಿಗೆ ಅದರ ಎಷ್ಟೋ ಪಟ್ಟು. ವೀಸಾ ಮೇಲಿರುವ ನಮ್ಮವರು ಆಗಾಗ ಕೇಳುವ ಪ್ರಶ್ನೆ ಒಂದಿದೆ. ಹೆಚ್-1ಬಿ ಥರದ ತಾತ್ಕಾಲಿಕ ವೀಸಾದವರು ಕೋವಿ ಅಥವಾ ತೋಟೆ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ಅದರಲ್ಲಿ ವಿನಾಯಿತಿ ಉಂಟು. ಆದರೂ ಗೆಳೆಯರ ಮಾತು ಕೇಳಿಕೊಂಡು ಮುಂದುವರಿಯಬೇಡಿ. ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳಿಯೇ ಕೋವಿ ಮುಟ್ಟಿ. ಹಾಗೇ, ಪಕ್ಕದ ವಯೋಮಿಂಗ್‌ಗೆ ಹೊರಗಿನಿಂದ ಬಂದವರು ಅಲ್ಲಿನ ಫೆಡರಲ್ ವೈಲ್ಡರ್‌ನೆಸ್ ಪ್ರದೇಶದಲ್ಲಿ ಜಿಂಕೆ, ಎಲ್ಕ್ ಥರದ ದೊಡ್ಡ ಪ್ರಾಣಿಯ ಬೇಟೆಗೆ ಒಂಟಿಯಾಗಿ ಹೋಗುವ ಹಾಗೇ ಇಲ್ಲ. ಗೈಡ್ ಅಥವಾ ಆ ರಾಜ್ಯದ ನಿವಾಸಿ ಜೊತೆಗಿರಬೇಕು. ಕೊಲೊರಾಡೋದಲ್ಲಿ ಆ ನಿಯಮವಿಲ್ಲ.

ಮೊದಲ ಪ್ಲ್ಯಾನ್

ಅವನು ಲ್ಯಾಪ್‌ಟಾಪ್ ತೆರೆದು ಬೇಟೆಗಾರರು ಬಳಸುವ ಆನ್‌ಎಕ್ಸ್ ಮ್ಯಾಪ್ ತೋರಿಸಿದ. ರ‍್ಯಾಬಿಟ್ ಇಯರ್ಸ್ ಬೆಟ್ಟಸಾಲಿನಲ್ಲಿ, 11,000 ಅಡಿಯ ಮೇಲೆ, ಮರಗಳು ಮುಗಿಯುವ ಗೆರೆಯಲ್ಲಿ ಒಂದು ಬಯಲಿಗೆ ಪಿನ್ ಹಾಕಿದ್ದ. ಕಾರು ನಿಲ್ಲಿಸುವ ಜಾಗದಿಂದ ಅಲ್ಲಿಗೆ ಸುಮಾರು 11 ಕಿಲೋಮೀಟರ್. ಟೆಂಟ್ ಹೊತ್ತು ಹೋಗಿ ಅಲ್ಲೇ ನಾಲ್ಕು ರಾತ್ರಿ ಇರುವುದು. ಜನ ಬರುವುದಿಲ್ಲ, ದೊಡ್ಡ ಗಂಡುಗಳು ಅಲ್ಲಿರುತ್ತವೆ ಅನ್ನುವುದು ಅವನ ವಾದ. ಎರಡನೇ ಸೀಸನ್‌ನಲ್ಲಿ ಎಲ್ಕ್ ಬೇಟೆಗಾರರೂ ತುಂಬಿಕೊಂಡಿರುತ್ತಾರೆ, ಅವರಿಂದ ದೂರ ಇರಬೇಕು ಅನ್ನುವುದು ಇನ್ನೊಂದು ಕಾರಣ.

ಅರ್ಧ ಸರಿ, ಅರ್ಧ ತಪ್ಪು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಗಂಡುಗಳು ಅಷ್ಟು ಎತ್ತರದಲ್ಲಿ ಇರುವುದು ನಿಜ. ಆದರೆ ಎರಡನೇ ಸೀಸನ್ ಶುರುವಾಗುವುದೇ ಅಕ್ಟೋಬರ್ ಕೊನೆಗೆ. ಆಗ ಜಿಂಕೆಗಳು ಬಯಲು ಬಿಟ್ಟು ಕಾಡಿನೊಳಗೆ ಸೇರಿರುತ್ತವೆ. ಹಿಮ ಬಿದ್ದರೆ ಕೆಳಗಿನ ಸೇಜ್ ಪೊದೆಗಳ ಇಳಿಜಾರಿನ ಕಡೆ ಇಳಿಯೋಕೆ ಶುರು ಮಾಡುತ್ತವೆ. ಹೆಣ್ಣಿನ ಬೆನ್ನು ಹತ್ತಿ ಗಂಡುಗಳು ಹಗಲಲ್ಲೇ ಓಡಾಡುವುದು ನವೆಂಬರ್ ಮಧ್ಯದ ಹೊತ್ತಿಗೆ. ಅಕ್ಟೋಬರ್ ಕೊನೆ ಅಂದರೆ ಇದೂ ಅಲ್ಲ ಅದೂ ಅಲ್ಲ. ದೊಡ್ಡ ಗಂಡು ಹಗಲೆಲ್ಲ ನೆರಳಿನ ಇಳಿಜಾರಲ್ಲಿ ಮಲಗಿ, ಬೆಳಕು ಹರಿಯುವಾಗ ಮತ್ತು ಮುಳುಗುವಾಗ ಮಾತ್ರ ಏಳುವ ಕಾಲ.

ಇದನ್ನೆಲ್ಲ ನಾನು ವಿವರಿಸುತ್ತಿರುವಾಗಲೇ ಊರಿಂದ ಅವನ ಅಪ್ಪ ವಾಟ್ಸಾಪ್ ಕಾಲ್ ಮಾಡಿದರು. ಸ್ಪೀಕರ್ ಆನ್ ಇತ್ತು. ಹಳೇ ಕಾಲದಲ್ಲಿ ಊರಿನವರ ಶಿಕಾರಿ ಕಂಡ ಮನುಷ್ಯ. ಒಂದು ಗುಂಪು ಹಳು ಬಡಿದು ಎಬ್ಬಿಸುವುದು, ಇನ್ನೊಂದು ಗುಂಪು ಕಾದು ಕೂರುವುದು, ಆಮೇಲೆ ಎಲ್ಲರೂ ಸೇರಿ ಪಾಲು ಮಾಡುವುದು ಅವರಿಗೆ ಗೊತ್ತಿರುವ ಕ್ರಮ.

"ಒಬ್ನೇ ಹೋಗ್ತೀಯೇನೋ? ಶಿಕಾರಿಗೆ ಯಾರಾದ್ರೂ ಒಬ್ರೇ ಹೋಗ್ತಾರಾ?"

"ಇಲ್ಲಿ ಹೋಗ್ತಾರೆ ಅಪ್ಪ. ಕೋವಿ ಇರುತ್ತೆ, ಮ್ಯಾಪ್ ಇರುತ್ತೆ, ಫೋನ್ ಥರ ಸ್ಯಾಟಲೈಟ್ ಇರುತ್ತೆ."

"ಅದೆಲ್ಲ ಇರ್ಲಿ. ಹೊಡೆದ್ಮೇಲೆ ಹೊರೋರು ಯಾರು?"

ಅವನು ನನ್ನ ಮುಖ ನೋಡಿದ. ನಾನು ಪೆನ್ನು ಕಾಗದ ತೆಗೆದುಕೊಂಡೆ. ಒಂಟಿ ಬೇಟೆಯ ಪ್ಲ್ಯಾನ್ ಶುರುವಾಗಬೇಕಾದದ್ದು ಈ ಪ್ರಶ್ನೆಯಿಂದಲೇ. ಜಿಂಕೆ ಎಲ್ಲಿರುತ್ತದೆ ಅನ್ನುವುದು ಎರಡನೇ ಪ್ರಶ್ನೆ.

ಹೊರೆಯ ಲೆಕ್ಕ

ಬೆಳೆದ ಗಂಡು ಮ್ಯೂಲ್ ಡೀರ್ 70ರಿಂದ 100 ಕಿಲೋ ತೂಗುತ್ತದೆ, ಇನ್ನೂ ದೊಡ್ಡವೂ ಇವೆ. ಮೂಳೆ ಬಿಡಿಸಿದರೂ ಮಾಂಸ 30-40 ಕಿಲೋ ಉಳಿಯುತ್ತದೆ. ಬಿಟ್ಟು ಬರುವ ಹಾಗಿಲ್ಲ. ನಾಲ್ಕು ಕಾಲಿನ ಮಾಂಸ, ಬೆನ್ನಿನ ಎರಡು ಪಟ್ಟಿ, ಒಳಗಿನ ಮೆತ್ತನೆ ಮಾಂಸ ಇಷ್ಟನ್ನಾದರೂ ತರಲೇಬೇಕು, ಇಲ್ಲದಿದ್ದರೆ ಅದು ಅಪರಾಧ. ಕಾನೂನು ಇರಲಿ ಬಿಡಲಿ, ಒಂದು ಜೀವ ತೆಗೆದು ಮಾಂಸ ಕೊಳೆಯೋಕೆ ಬಿಡುವುದು ನನ್ನ ಮಟ್ಟಿಗೆ ಈ ಕೆಲಸದಲ್ಲಿನ ದೊಡ್ಡ ತಪ್ಪು.

ಬೆನ್ನ ಮೇಲೆ ಆಗಲೇ ನೀರು, ಬೆಚ್ಚನೆ ಬಟ್ಟೆ, ಕೋವಿ ಅಂತ ಎಂಟು ಹತ್ತು ಕಿಲೋ ಇರುತ್ತದೆ. ನಲವತ್ತು ದಾಟಿದ, ವಾರವಿಡೀ ಕುರ್ಚಿಯಲ್ಲಿ ಕೂರುವ ಮನುಷ್ಯ ಬೆಟ್ಟದಲ್ಲಿ ಅದರ ಮೇಲೆ 20 ಕಿಲೋ ಹೊತ್ತರೆ ಜಾಸ್ತಿಯೇ ಆಯಿತು. ಅಲ್ಲಿಗೆ ಎರಡು ಹೊರೆ ಖಂಡಿತ. ಎರಡು ಹೊರೆ ಅಂದರೆ ಹೊತ್ತು ಬರಬೇಕು, ಖಾಲಿ ವಾಪಸ್ ಹೋಗಬೇಕು, ಮತ್ತೆ ಹೊತ್ತು ಬರಬೇಕು. ದೂರ ಮೂರು ಪಟ್ಟಾಗುತ್ತದೆ. 11 ಕಿಲೋಮೀಟರ್‌ನ ಪಿನ್ ಅಲ್ಲಿಗೆ 33 ಕಿಲೋಮೀಟರ್ ಆಯಿತು. ಅದರಲ್ಲಿ ಟೆಂಟ್, ಮಲಗುವ ಚೀಲ ಇನ್ನೂ ಸೇರಿಲ್ಲ. ಅವು ಸೇರಿದರೆ ಮೂರನೇ ಹೊರೆ.

ನೇಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಬೆಟ್ಟ ಹತ್ತುವವರು 1892ರಲ್ಲಿ ಕೊಟ್ಟ ಒಂದು ಲೆಕ್ಕ ಇಂದಿಗೂ ಬಳಕೆಯಲ್ಲಿದೆ. 5 ಕಿಲೋಮೀಟರ್‌ಗೆ ಒಂದು ಗಂಟೆ, ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೊರೆ ಇದ್ದರೆ, ಅದೂ ಅಷ್ಟು ಎತ್ತರದ ತೆಳು ಗಾಳಿಯಲ್ಲಿ, ನಾನು ಅದನ್ನು ದುಪ್ಪಟ್ಟು ಮಾಡುತ್ತೇನೆ. ಹಾಗೆ ನೋಡಿದರೆ ಆ ಪಿನ್‌ನಿಂದ ಮಾಂಸ ಇಳಿಸೋಕೆ ಅವನಿಗೆ ಎರಡು ಪೂರ್ತಿ ದಿನ ಬೇಕು. ಅಕ್ಟೋಬರ್ ಕೊನೆಯಲ್ಲಿ ಒಮ್ಮೊಮ್ಮೆ ಮಧ್ಯಾಹ್ನದ ಬಿಸಿಲು ಚೆನ್ನಾಗಿಯೇ ಕಾಯುತ್ತದೆ. ಇಲ್ಲವೇ ಒಂದೇ ರಾತ್ರಿಗೆ ಮೊಣಕಾಲುದ್ದ ಹಿಮ ಬೀಳುತ್ತದೆ. ಎರಡರಲ್ಲಿ ಯಾವುದಾದರೂ ಕಷ್ಟವೇ.

ಆ ಕಾಗದದ ಮೇಲೆಯೇ ಹೊಸ ಗಡಿ ಹಾಕಿದೆವು. ಕಾರಿನಿಂದ ಎರಡೂವರೆ ಕಿಲೋಮೀಟರ್ ಒಳಗೆ. ಎತ್ತರದ ವ್ಯತ್ಯಾಸ 300 ಮೀಟರ್ ಮೀರಬಾರದು. ಬೇಟೆಯ ಜಾಗ ರಸ್ತೆಗಿಂತ ಮೇಲಿರಬೇಕು, ಹೊರೆ ಹೊತ್ತಾಗ ಇಳಿಯುವ ಹಾಗಿರಬೇಕು. ಮಲಗುವುದು ಕಾರಿನ ಹತ್ತಿರವೇ. ಅವನಿಗೆ ಬೇಜಾರಾಯಿತು. ಬೆಟ್ಟದ ತುದಿಯಲ್ಲಿ ಒಬ್ಬನೇ ಟೆಂಟ್ ಹಾಕುವ ಆಸೆ ಎಷ್ಟು ವರ್ಷದ್ದೋ. ಮೊದಲ ಸಲಕ್ಕೆ ಅದು ಬೇಡ ಅಂತ ನಾನು ಪಟ್ಟು ಹಿಡಿದೆ.

ಸುಟ್ಟ ಕಾಡಿನ ಅಂಚು

ಈ ಗಡಿ ಹಾಕಿದ ಮೇಲೆ ಮ್ಯಾಪ್ ನೋಡುವುದು ಸುಲಭವಾಯಿತು. 18ನೇ ಯೂನಿಟ್‌ನಲ್ಲಿ 2020ರ ಅಕ್ಟೋಬರ್ 14ರಂದು ಈಸ್ಟ್ ಟ್ರಬಲ್‌ಸಮ್ ಬೆಂಕಿ ಹೊತ್ತಿಕೊಂಡಿತ್ತು. ಒಂದು ವಾರದ ಮೇಲೆ ಗಾಳಿ ಸಿಕ್ಕಿ ಒಂದೇ ರಾತ್ರಿಯಲ್ಲಿ ಹುಚ್ಚು ಹಿಡಿದಂತೆ ಹಬ್ಬಿತು. ಒಟ್ಟು 1,93,812 ಎಕರೆ ಸುಟ್ಟುಹೋಯಿತು. ಕೊಲೊರಾಡೋ ದಾಖಲೆಯಲ್ಲಿ ಅದು ಎರಡನೇ ದೊಡ್ಡ ಕಾಡ್ಗಿಚ್ಚು. ಅದಕ್ಕೂ ಮೊದಲೇ ಪೈನ್ ದುಂಬಿ ತಿಂದು ಅಲ್ಲಿನ ಲಾಡ್ಜ್‌ಪೋಲ್ ಮರಗಳು ಸಾಲುಸಾಲಾಗಿ ಒಣಗಿದ್ದವು. ಈಗ ಆ ಸುಟ್ಟ ನೆಲಕ್ಕೆ ಬಿಸಿಲು ಬೀಳುತ್ತದೆ. ಹುಲ್ಲು, ಪೊದೆ, ಎಳೆ ಆಸ್ಪೆನ್ ಎದ್ದಿವೆ. ಜಿಂಕೆಗೆ ಮೇವು ಜೋರು. ಪೂರ್ತಿ ಸುಟ್ಟ ಬಯಲಿನ ನಡುವೆ ಮೇವಿದ್ದರೂ ಮರೆ ಇಲ್ಲ. ಹಾಗಾಗಿ ಸುಟ್ಟದ್ದೂ ಉಳಿದದ್ದೂ ಸೇರುವ ಅಂಚು ನೋಡಬೇಕು. ಬೆಳಗ್ಗೆ ಮೇಯೋಕೆ ಈಚೆ, ಮಲಗೋಕೆ ಆಚೆಯ ಹಸಿರು ಕಾಡು.

ಅರಣ್ಯ ರಸ್ತೆಯೊಂದರಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲೆ ಅಂಥ ಒಂದು ಅಂಚು ಸಿಕ್ಕಿತು. ಎದುರಿಗೆ ಒಂದು ದಿಣ್ಣೆ, ಅಲ್ಲಿ ಕೂತು ಬೈನಾಕ್ಯುಲರ್ ಹಿಡಿದರೆ ಇಡೀ ಇಳಿಜಾರು ಕಾಣುತ್ತದೆ. ಕಣಿವೆಯ ತಳ ಖಾಸಗಿ ರ‍್ಯಾಂಚ್. ಕೊಲೊರಾಡೋದಲ್ಲಿ ಖಾಸಗಿ ಜಮೀನಿಗೆ ಬೋರ್ಡು, ಬೇಲಿ ಇರಲೇಬೇಕು ಅಂತೇನಿಲ್ಲ. ಗಡಿ ತಿಳಿದುಕೊಳ್ಳುವ ಹೊಣೆ ಬೇಟೆಗಾರನದು, ಅನುಮತಿ ಇಲ್ಲದೆ ಕಾಲಿಟ್ಟರೆ ತಪ್ಪು ಅವನದೇ. ಗಾಯಗೊಂಡ ಜಿಂಕೆ ಆ ಕಡೆ ಓಡಿದರೂ ಮಾಲೀಕರನ್ನು ಕೇಳಿಯೇ ಹೋಗಬೇಕು. ಅದಕ್ಕೆ ಗಡಿಯಿಂದ 400 ಮೀಟರ್ ಒಳಗಿರುವ ಯಾವ ಪ್ರಾಣಿಗೂ ಗುಂಡು ಬೇಡ ಅಂತ ಬರೆದುಕೊಂಡ.

ಆಗಸ್ಟ್‌ನಲ್ಲಿ ಒಂದು ವಾರಾಂತ್ಯ ಹೋಗಿ ಜಾಗ ನೋಡಿ ಬಂದ. ದಾರಿ ಚೆನ್ನಾಗಿದೆ, ಏನೂ ತೊಂದರೆಯಿಲ್ಲ ಅಂದ. ಈ ಮಾತು ನೆನಪಿರಲಿ.

ಒಂಟಿಯವನ ನಿಯಮಗಳು

ಜೊತೆಗಾರ ಇದ್ದರೆ ಅವನೇ ಎಷ್ಟೋ ಕಡೆ ತಡೆಯುತ್ತಾನೆ. "ಬೇಡ ಮಾರಾಯ, ಕತ್ತಲಾಯ್ತು" ಅನ್ನೋಕೆ ಒಂದು ಬಾಯಿ ಇರುತ್ತದೆ. ಒಬ್ಬನೇ ಹೋದರೆ ಆ ಬಾಯಿ ಕಾಗದದಲ್ಲಿರಬೇಕು. ಎದುರಿಗೆ ದೊಡ್ಡ ಕೊಂಬು ಕಂಡಾಗ ಯೋಚನೆ ಮಾಡಿ ನಿರ್ಧಾರ ತೆಗೆದುಕೊಳ್ಳುತ್ತೇನೆ ಅನ್ನುವವರನ್ನು ನಾನು ನಂಬುವುದಿಲ್ಲ. ಹಾಗಾಗಿ ಮನೆಯಲ್ಲಿ ಕೂತೇ ನಿರ್ಧಾರ ಮಾಡಿ ಬರೆಸಿದೆ.

ಗುಂಡಿನ ದೂರ 200 ಗಜ, ಒಂದು ಗಜವೂ ಮೇಲೆ ಇಲ್ಲ. ಅವನ ಕೋವಿ .308, ಆ ಕೋವಿಗೆ ಇದು ದೊಡ್ಡ ದೂರವೇ ಅಲ್ಲ. ಆದರೆ ದೂರ ನಿರ್ಧಾರವಾಗುವುದು ಕೋವಿಯಿಂದಲ್ಲ, ಏದುಸಿರು ಬಿಡುತ್ತಿರುವ ಮನುಷ್ಯನಿಂದ. ಶೂಟಿಂಗ್ ರೇಂಜ್‌ನಲ್ಲಿ ಬೆಂಚಿನ ಮೇಲೆ ಕೂತು ಹೊಡೆದರೆ ಎಲ್ಲರೂ ಗುರಿಕಾರರೇ. ಅವನನ್ನು ಬೆಂಚಿನಿಂದ ಎಬ್ಬಿಸಿ, ನೆಲದ ಮೇಲೆ ಕೂತು ಚೀಲದ ಮೇಲೆ ಕೋವಿ ಊರಿ ಹೊಡೆಯಲು ಹೇಳಿದೆ. ಒಂದಷ್ಟು ಬಸ್ಕಿ ಹೊಡೆಸಿ, ಎದೆ ಬಡಿಯುತ್ತಿರುವಾಗಲೇ ಗುಂಡು ಹಾರಿಸು ಅಂದೆ. ಜಿಂಕೆಯ ಶ್ವಾಸಕೋಶ, ಹೃದಯ ಇರುವ ಜಾಗ ಸುಮಾರು ಎಂಟು ಇಂಚು ಅಗಲ. ಆ ಅಗಲದ ತಟ್ಟೆಗೆ 200 ಗಜದಲ್ಲಿ ಪ್ರತಿ ಸಲ ಬೀಳುತ್ತಿತ್ತು, 250ಕ್ಕೆ ಹೋದರೆ ಆಚೀಚೆ ಆಗುತ್ತಿತ್ತು. ಗಡಿ ಹಾಗೆ ಬಂತು.

ಎರಡನೆಯದು ಸಂಜೆಯ ನಿಯಮ. ಕಾನೂನು ಪ್ರಕಾರ ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚಿನಿಂದ ಮುಳುಗಿದ ಅರ್ಧ ಗಂಟೆವರೆಗೂ ಬೇಟೆ ಆಡಬಹುದು. ನಾನು ಹೇಳಿದ್ದು, ನಾಲ್ಕು ಗಂಟೆಯ ಮೇಲೆ ಕಣಿವೆಯ ಆಚೆ ಬದಿಯ ಪ್ರಾಣಿ ಮುಟ್ಟಬಾರದು. ಆ ವಾರ ಆರರ ಸುಮಾರಿಗೆ ಸೂರ್ಯ ಮುಳುಗುತ್ತದೆ. ಗುಂಡು ಬಿದ್ದ ಮೇಲೆ ಕಣಿವೆ ಇಳಿದು ಹತ್ತಿ, ಪ್ರಾಣಿ ಹುಡುಕಿ, ಕತ್ತಲಲ್ಲಿ ಒಬ್ಬನೇ ಚಾಕು ಹಿಡಿದು ಕೂರಬೇಕು. ಅವನು ಇದಕ್ಕೆ ಜೋರಾಗಿ ವಾದ ಮಾಡಿದ. "ಸಂಜೆನೇ ಅಲ್ವಾ ಜಿಂಕೆ ಹೊರಗೆ ಬರೋದು?" ನಿಜ. ಸಂಜೆ ಹೊತ್ತು ಕಾರಿಗೆ ಹತ್ತಿರದ ಇಳಿಜಾರಿನಲ್ಲಿ ಮಾತ್ರ ಕೂರು ಅಂತ ರಾಜಿಯಾದೆವು.

ಮೂರನೆಯದು ಗಾಳಿ. ಸುಟ್ಟು ನಿಂತ ಮರಗಳ ಬೇರು ಸತ್ತಿರುತ್ತದೆ. ಗಾಳಿಗೆ ಸೂಚನೆಯೇ ಇಲ್ಲದೆ ಉರುಳುತ್ತವೆ. ಗಾಳಿ ಎದ್ದರೆ ಜಿಂಕೆ ಎದುರಿಗೇ ಇದ್ದರೂ ಸುಟ್ಟ ಕಾಡಿನಿಂದ ಹೊರಗೆ ಬರಬೇಕು.

ನಾಲ್ಕನೆಯ ವಿಷಯ ತೆಗೆದದ್ದು ಅವನ ಹೆಂಡತಿ. ಅಷ್ಟು ಹೊತ್ತೂ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದವರು ಕೇಳಿದರು: "ಅಣ್ಣ, ಇವರ ಮೆಸೇಜ್ ಬರ್ಲಿಲ್ಲ ಅಂದ್ರೆ ನಾನು ಯಾರಿಗೆ ಫೋನ್ ಮಾಡ್ಬೇಕು? ಎಷ್ಟು ಹೊತ್ತು ಕಾದು ಮಾಡ್ಬೇಕು?"

ಒಳ್ಳೆಯ ಪ್ರಶ್ನೆ. ಸ್ಯಾಟಲೈಟ್ ಮೂಲಕ ಮೆಸೇಜ್ ಕಳಿಸುವ ಗಾರ್ಮಿನ್ ಇನ್‌ರೀಚ್ ಕೊಂಡಿದ್ದ, ಅದರ ಎಸ್‌ಓಎಸ್ ಗುಂಡಿಯ ಮೇಲೆ ಪೂರ್ತಿ ಭರವಸೆ ಇಟ್ಟಿದ್ದ. ತಲೆಗೆ ಪೆಟ್ಟು ಬಿದ್ದವನು ಗುಂಡಿ ಒತ್ತುವುದಿಲ್ಲ. ಹಾಗಾಗಿ ಗಡಿಯಾರಕ್ಕೆ ಕಟ್ಟಿದ ಏರ್ಪಾಡು ಬೇಕು. ಬೆಳಗ್ಗೆ ಕಾರು ಬಿಡುವಾಗ ಒಂದು ಮೆಸೇಜ್, ರಾತ್ರಿ ಎಂಟರೊಳಗೆ ಇನ್ನೊಂದು. ರಾತ್ರಿಯದು ಬರದಿದ್ದರೆ ಒಂಬತ್ತಕ್ಕೆ ನನಗೆ ಫೋನ್. ಹತ್ತಕ್ಕೆ ಕೌಂಟಿ ಶೆರಿಫ್, ಅಂದರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥರ, ಆಫೀಸಿಗೆ ಫೋನ್. ಕೊಲೊರಾಡೋದಲ್ಲಿ ಹುಡುಕಾಟದ ಜವಾಬ್ದಾರಿ ಶೆರಿಫ್‌ದು, ಬೆಟ್ಟಕ್ಕೆ ಹೋಗುವವರು ಸ್ವಯಂಸೇವಕರು. ರಕ್ಷಣೆಗೆ ದುಡ್ಡು ಕೇಳುವುದಿಲ್ಲ. ಬಿಲ್ ಬರುತ್ತದೆ ಅಂತ ಹೆದರಿ ತಡ ಮಾಡಬೇಡಿ ಅಂತ ಅವರಿಗೆ ಒತ್ತಿ ಹೇಳಿದೆ. ಕಾರು ನಿಲ್ಲಿಸುವ ಜಾಗ, ಕಾರಿನ ನಂಬರ್, ಜಾಕೆಟ್ಟಿನ ಬಣ್ಣ, ಬೂಟಿನ ಅಟ್ಟೆಯ ಫೋಟೋ ಎಲ್ಲ ಒಂದು ಹಾಳೆಯಲ್ಲಿ ಪ್ರಿಂಟ್ ಮಾಡಿ ಫ್ರಿಜ್ ಮೇಲೆ ಅಂಟಿಸಿದರು. ಅಟ್ಟೆಯ ಗುರುತು ಗೊತ್ತಿದ್ದರೆ ಕೆಸರಲ್ಲಿ, ಹಿಮದಲ್ಲಿ ಹೆಜ್ಜೆ ಹುಡುಕುವವರಿಗೆ ತುಂಬ ಅನುಕೂಲ.

ಬಟ್ಟೆಬರೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಮೈಗೆ ಅಂಟಿದ ಬಟ್ಟೆ ಉಣ್ಣೆಯದಿರಲಿ, ಹತ್ತಿ ಬೇಡ. ಕಡು ಕಿತ್ತಳೆ ಅಥವಾ ಗುಲಾಬಿ ಬಣ್ಣದ ಮೇಲಂಗಿ ಕನಿಷ್ಠ 500 ಚದರ ಇಂಚು, ಜೊತೆಗೆ ಅದೇ ಬಣ್ಣದ ಟೋಪಿ. ಇದು ಕಾನೂನು. ಮುಚ್ಚಿದ ಟೆಂಟ್ ಒಳಗೆ, ಕಾರೊಳಗೆ ಗ್ಯಾಸ್ ಒಲೆ ಹಚ್ಚಲೇಬಾರದು.

ಬೆಟ್ಟದ ಮೇಲೆ

ಶುಕ್ರವಾರ ಬರ್ತೂಡ್ ಪಾಸ್ ದಾಟಿ ಹೋದ. 11,307 ಅಡಿ ಎತ್ತರದ ದಾರಿ, ಹಿಮ ಇರಲಿಲ್ಲ. ಶನಿವಾರ ಸೀಸನ್ ಮೊದಲ ದಿನ. ಅರಣ್ಯ ರಸ್ತೆ ತುಂಬ ಟ್ರಕ್‌ಗಳು, ದಿಣ್ಣೆಗಳ ಮೇಲೆ ಕಿತ್ತಳೆ ಟೋಪಿಗಳು. ಕಂಡದ್ದು ಹೆಣ್ಣು ಜಿಂಕೆಗಳು, ಜೊತೆಗೆ ಮೂಸ್ ಅನ್ನುವ ಭಾರಿ ಗಾತ್ರದ ಜಿಂಕೆ ಜಾತಿಯ ಪ್ರಾಣಿ ಒಂದು. ಮೂಸ್ ಕಂಡರೆ ದೂರ ಸರಿ ಅಂತ ಹೇಳಿದ್ದೆ, ಸರಿದ. ಭಾನುವಾರ ಹತ್ತು ಗಂಟೆಗೆ ಗಾಳಿ ಎದ್ದಿತು. ಎಲ್ಲೋ ಒಂದು ಮರ ಬಿದ್ದ ಸದ್ದು ಕೇಳಿ ಹೊರಗೆ ಬಂದು, ಇಡೀ ಮಧ್ಯಾಹ್ನ ರಸ್ತೆ ಪಕ್ಕ ಕೂತು ಕಾಫಿ ಕುಡಿದ. ಸಂಜೆ ಮೆಸೇಜ್‌ನಲ್ಲಿ ಬೇಸರ ಎದ್ದು ಕಾಣುತ್ತಿತ್ತು.

ಸೋಮವಾರ ಸಂಜೆ ಐದು ಗಂಟೆಗೆ ಕಣಿವೆಯ ಆಚೆ ಬದಿ ಒಂದು ಗಂಡು ಎದ್ದು ನಿಂತಿತು. ಪ್ರತಿ ಬದಿ ನಾಲ್ಕು ಕವಲು, ಕಿವಿಯ ತುದಿಗಿಂತ ಆಚೆ ಚಾಚಿದ ಕೊಂಬು. ರೇಂಜ್‌ಫೈಂಡರ್‌ನಲ್ಲಿ 190 ಗಜ. ಅಡ್ಡಲಾಗಿ ನಿಂತಿತ್ತು, ಕೋವಿ ಚೀಲದ ಮೇಲಿತ್ತು. ಅವನು ಹೊಡೆಯಲಿಲ್ಲ. ಬೈನಾಕ್ಯುಲರ್‌ನಲ್ಲಿ ಬೆಳಕು ಹೋಗುವವರೆಗೂ ನೋಡಿದ. ಅದು ಪೊದೆ ಮೇಯುತ್ತಾ, ನಡುನಡುವೆ ತಲೆ ಎತ್ತಿ ಒಂದೊಂದೇ ಕಿವಿ ತಿರುಗಿಸುತ್ತಾ ನಿಧಾನಕ್ಕೆ ಕಾಡೊಳಗೆ ಹೋಯಿತಂತೆ. ಎಂಟಕ್ಕೆ ಕಾರಿನಿಂದ ನನಗೆ ಮೆಸೇಜ್ ಬಂತು: "ನಿಮ್ಮ ನಿಯಮಕ್ಕೆ ಬೆಂಕಿ ಬೀಳಲಿ. ಆದರೂ ಪಾಲಿಸಿದೆ." ಇಡೀ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಈ ಮೆಸೇಜ್.

ಮಂಗಳವಾರ ಬೆಳಗ್ಗೆ ತಣ್ಣನೆ ಗಾಳಿ ಇಳಿಜಾರಿನ ಕೆಳಕ್ಕೆ ಹರಿಯುತ್ತಿತ್ತು. ಬಿಸಿಲೇರಿದ ಮೇಲೆ ಅದು ತಿರುಗಿ ಮೇಲಕ್ಕೆ ಹೋಗುತ್ತದೆ, ಆಗ ಮನುಷ್ಯನ ವಾಸನೆ ಜಿಂಕೆಗೆ ಹೊಡೆಯುತ್ತದೆ. ಅಷ್ಟರೊಳಗೆ ಕೆಲಸ ಆಗಬೇಕು. 8:40ಕ್ಕೆ ಈ ಬದಿಯಲ್ಲೇ ಚಿಕ್ಕ ಗಂಡೊಂದು ಬಂತು, ಪ್ರತಿ ಬದಿ ಎರಡೇ ಕವಲು. ಐದು ಇಂಚಿನ ಕೊಂಬಿದ್ದರೂ ಗಂಡಿನ ಟ್ಯಾಗ್‌ಗೆ ಸಾಕು, ಇದು ಅದಕ್ಕಿಂತ ಎಷ್ಟೋ ದೊಡ್ಡದು. ದೂರ 140 ಗಜ. ಒಂದೇ ಗುಂಡು. ಜಿಂಕೆ ಒಮ್ಮೆ ಹಾರಿ, ಸುಟ್ಟ ಮರಗಳ ರಾಶಿಯೊಳಗೆ 80 ಮೀಟರ್ ಓಡಿ ಬಿತ್ತು. ಅರ್ಧ ಗಂಟೆ ಕಾದು ಹೋದ. ಸತ್ತಿತ್ತು. ಹತ್ತಿರ ಕೂತು ಸ್ವಲ್ಪ ಹೊತ್ತು ಮೈ ಮುಟ್ಟಿ ಕೈ ಮುಗಿದೆ ಅಂದ. ಟ್ಯಾಗ್‌ಗೆ ಅಲ್ಲೇ ಸಹಿ, ತಾರೀಕು ಹಾಕಿದ.

ಹೊಟ್ಟೆ ಬಗೆಯದೆ ಮಾಂಸ ಬಿಡಿಸುವ ಕ್ರಮವನ್ನು ಮೊದಲೇ ಕಲಿಸಿದ್ದೆ. ಬೆನ್ನಿನಿಂದ ಚರ್ಮ ಬಿಡಿಸಿ, ಮೇಲಿನ ಬದಿಯ ಎರಡು ಕಾಲು ತೆಗೆದು, ಬೆನ್ನಿನ ಪಟ್ಟಿ ತೆಗೆದು, ಮಗ್ಗುಲು ಬದಲಿಸುವುದು. ಇದರಲ್ಲಿ ಒಂಟಿಯವನಿಗೆ ಒಂದು ತೊಡಕಿದೆ. ಕಾಲು ಎತ್ತಿ ಹಿಡಿಯೋಕೆ ಇನ್ನೊಂದು ಜೊತೆ ಕೈ ಇರುವುದಿಲ್ಲ. ಒಂದು ಕೈಯಲ್ಲಿ ಕಾಲು ಹಿಡಿದು ಇನ್ನೊಂದರಲ್ಲಿ ಚಾಕು ಆಡಿಸಿದರೆ ತೊಡೆಗೇ ಇಳಿಯುತ್ತದೆ. ಅದಕ್ಕೆ ತೆಳು ಹಗ್ಗ ಕೊಟ್ಟಿದ್ದೆ. ಗೊರಸಿನ ಮೇಲೆ ಗಂಟು ಹಾಕಿ, ಹಗ್ಗವನ್ನು ಬಿದ್ದ ಮರಕ್ಕೆ ಬಿಗಿದರೆ ಕಾಲು ತಾನಾಗಿ ಎತ್ತಿಕೊಂಡು ನಿಲ್ಲುತ್ತದೆ, ಎರಡೂ ಕೈ ಚಾಕಿಗೆ ಸಿಗುತ್ತವೆ. ಎಡಗೈಗೆ ಚಾಕು ತಾಗಿದರೂ ಕತ್ತರಿಸಿಹೋಗದ ಕೈಗವಸು. ಬೆನ್ನುಮೂಳೆ ಕತ್ತರಿಸದೆ ಅಲ್ಲೇ ಬಿಡುವುದು. ಒಂದು ಹಿಂಗಾಲಿನ ಮೇಲೆ ಗಂಡೆಂದು ತೋರಿಸುವ ಗುರುತು ಹಾಗೇ ಅಂಟಿಕೊಂಡಿರಬೇಕು, ಅದೂ ಕಾನೂನು. ಎಲ್ಲ ಮುಗಿಯುವಾಗ ಹನ್ನೆರಡೂಕಾಲು. ಬಿಳಿ ಬಟ್ಟೆ ಚೀಲಗಳಲ್ಲಿ ಮಾಂಸ 27 ಕಿಲೋ ಚಿಲ್ಲರೆ, ಮೇಲೆ ತಲೆ.

ಲೆಕ್ಕ ತಪ್ಪಿದ್ದು ಎಲ್ಲಿ

ಕಾರಿಗೆ ದೂರ 1.4 ಕಿಲೋಮೀಟರ್, ಅದೂ ಇಳಿಜಾರು. ಹೊರೆ ಹೊತ್ತು 40 ನಿಮಿಷ ಅಂತ ಪ್ಲ್ಯಾನ್‌ನಲ್ಲಿತ್ತು. 12:40ಕ್ಕೆ ಹೊರಟವನು ಕಾರು ಮುಟ್ಟಿದ್ದು ಮೂರು ಗಂಟೆಗೆ. ಸುಟ್ಟು ಬಿದ್ದ ಲಾಡ್ಜ್‌ಪೋಲ್‌ಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿದ್ದವು, ಕೆಲವು ಕಡೆ ಎದೆಯುದ್ದ. ಖಾಲಿ ಕೈಯಲ್ಲಿ ಹಾರಿ ದಾಟುವ ಮರವನ್ನು ಬೆನ್ನ ಮೇಲೆ 25 ಕಿಲೋ ಇಟ್ಟುಕೊಂಡು ದಾಟೋಕೆ ಆಗುವುದಿಲ್ಲ. ಕೂತು, ಒಂದು ಕಾಲು ದಾಟಿಸಿ, ತಿರುಗಿ, ಇನ್ನೊಂದು ಕಾಲು ತರಬೇಕು. ಮ್ಯಾಪ್‌ನಲ್ಲಿ ಎತ್ತರದ ಗೆರೆಗಳಿರುತ್ತವೆ, ಬಿದ್ದ ಮರಗಳಿರುವುದಿಲ್ಲ. ಆಗಸ್ಟ್‌ನಲ್ಲಿ ನೋಡಿ ಬಂದದ್ದು ಕಾಲುದಾರಿಯನ್ನು. ಜಿಂಕೆ ಬಿದ್ದದ್ದು ದಾರಿಯ ಮೇಲಲ್ಲ.

ಮೂರೂ ಹತ್ತಕ್ಕೆ ನನಗೆ ಇನ್‌ರೀಚ್ ಮೆಸೇಜ್ ಬಂತು. ಎರಡನೇ ಹೊರೆಗೆ ಈಗ ಹೋದರೆ ವಾಪಸ್ ಬರುವಾಗ ಕತ್ತಲು. ಬೆಳಗ್ಗೆಗೆ ಬಿಡಲಾ? ಉಳಿದ ಮಾಂಸವನ್ನು ಅವಶೇಷದಿಂದ ನೂರು ಮೀಟರ್ ದೂರ, ನೆರಳಿನ ಬದಿಯ ಮರಕ್ಕೆ, ದೂರದಿಂದಲೇ ಕಾಣುವ ಹಾಗೆ ಎತ್ತರಕ್ಕೆ ಕಟ್ಟಿದ್ದ. ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತದೆ, ಮಾಂಸ ಕೆಡುವುದಿಲ್ಲ. ಕರಡಿ ಬರಬಹುದು, ಬಂದರೆ ಅರ್ಧ ಮಾಂಸ ಹೋಗುತ್ತದೆ. ಕತ್ತಲಲ್ಲಿ ಆ ಮರಗಳ ನಡುವೆ ಕಾಲು ಮುರಿದರೆ ಹೋಗುವುದು ಬೇರೆ. ಬಿಡು ಅಂತ ಉತ್ತರ ಕೊಟ್ಟೆ.

ಬುಧವಾರ ಬೆಳಕು ಹರಿದ ಮೇಲೆ ಹೋದ. ದೂರ ನಿಂತು ಬೈನಾಕ್ಯುಲರ್‌ನಲ್ಲಿ ನೋಡಿ, ಗಟ್ಟಿಯಾಗಿ ಕೂಗಿ, ಆಮೇಲೆ ಹತ್ತಿರ ಹೋದ. ಕೆನಡಾ ಜೇ ಹಕ್ಕಿಗಳು ಚೀಲದ ತುದಿಯ ಕೊಬ್ಬು ಕುಕ್ಕಿದ್ದು ಬಿಟ್ಟರೆ ಎಲ್ಲ ಹಾಗೇ ಇತ್ತು. ಈ ಸಲ ನೇರ ದಾರಿ ಬಿಟ್ಟು, ಬೆಟ್ಟದ ಏಣಿನ ಮೇಲೆ ಹಳೆಯ ಮರ ಎಳೆಯುವ ದಾರಿಗೆ ಹತ್ತಿ ಸುತ್ತಿಕೊಂಡು ಬಂದ. 2.3 ಕಿಲೋಮೀಟರ್. ಒಂದು ಗಂಟೆಯೂ ಹಿಡಿಯಲಿಲ್ಲ.

ಆಮೇಲೆ

ತಲೆಯನ್ನು ಹಾಟ್ ಸಲ್ಫರ್ ಸ್ಪ್ರಿಂಗ್ಸ್‌ನಲ್ಲಿರುವ ಇಲಾಖೆ ಆಫೀಸಿಗೆ ಪರೀಕ್ಷೆಗೆ ಕೊಟ್ಟ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಅನ್ನುವ ಮಿದುಳಿನ ಕಾಯಿಲೆಯನ್ನು ಮೊದಲು ಕಂಡದ್ದೇ ಈ ರಾಜ್ಯದಲ್ಲಿ, 1967ರಲ್ಲಿ, ಫೋರ್ಟ್ ಕಾಲಿನ್ಸ್‌ನಲ್ಲಿ ಸಾಕಿದ ಮ್ಯೂಲ್ ಡೀರ್‌ಗಳಲ್ಲಿ. ಪ್ರಿಯಾನ್ ಅನ್ನುವ ಕೆಟ್ಟ ಪ್ರೋಟೀನ್‌ನಿಂದ ಬರುತ್ತದೆ, ಬೇಯಿಸಿದರೆ ಹೋಗುವುದಿಲ್ಲ. ಮನುಷ್ಯರಿಗೆ ಬಂದದ್ದು ಖಚಿತವಾಗಿಲ್ಲ. ಆದರೂ ರೋಗವಿರುವ ಪ್ರಾಣಿಯ ಮಾಂಸ ತಿನ್ನಬೇಡಿ ಅಂತ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಸಲಹೆ ಕೊಡುತ್ತದೆ. ಯಾವ ವರ್ಷ ಯಾವ ಯೂನಿಟ್‌ನಲ್ಲಿ ಪರೀಕ್ಷೆ ಕಡ್ಡಾಯ ಅಂತ ಇಲಾಖೆಯ ಪುಸ್ತಿಕೆಯಲ್ಲಿ ಇರುತ್ತದೆ. ಕಡ್ಡಾಯ ಇಲ್ಲದಿದ್ದರೂ ಮಾಡಿಸಿ. ಫಲಿತಾಂಶ ಬರುವವರೆಗೆ ಮಾಂಸವನ್ನು ಬೇರೆ ಇಟ್ಟು, ಚೀಟಿ ಅಂಟಿಸಿ, ಯಾರಿಗೂ ಹಂಚದೆ ಕಾದರು. ರೋಗ ಪತ್ತೆಯಾಗಿಲ್ಲ ಅಂತ ಬಂತು.

ಈ ವರ್ಷವೂ ಅದೇ ಯೂನಿಟ್‌ಗೆ ಅರ್ಜಿ ಹಾಕಿದ್ದಾನೆ, ಎರಡನೇ ಆಯ್ಕೆಯಾಗಿ ಹೆಣ್ಣಿನ ಟ್ಯಾಗ್ ಬರೆದಿದ್ದಾನೆ. ಪ್ಲ್ಯಾನ್‌ನ ಹಾಳೆಯಲ್ಲಿ ಎರಡು ತಿದ್ದುಪಡಿ ಆಗಿವೆ. ಮಧ್ಯಾಹ್ನ ಒಂದು ಗಂಟೆಯ ಮೇಲೆ ಗುಂಡು ಹಾರಿಸಿದರೆ ಎರಡನೇ ಹೊರೆ ಮರುದಿನಕ್ಕೇ ಅಂತ ಮೊದಲೇ ಒಪ್ಪಿಕೊಂಡಿರಬೇಕು, ರಾತ್ರಿ ಚಳಿ ಸಾಕಷ್ಟಿಲ್ಲದ ದಿನ ಒಂದರ ಮೇಲೆ ಗುಂಡೇ ಬೇಡ. ಇನ್ನೊಂದು ಆಗಸ್ಟ್‌ನ ಕೆಲಸ. ಸುಮ್ನೆ ಕಾಲುದಾರಿಯಲ್ಲಿ ನಡೆದು ಬರುವುದಲ್ಲ. ದಿಣ್ಣೆಯಿಂದ ಕಾಣುವ ಪ್ರತಿ ಇಳಿಜಾರಿಗೂ ಹೋಗಿ, ಮೇಲಿನ ತೊರೆಯಲ್ಲಿ 20 ಲೀಟರ್ ನೀರು ತುಂಬಿ ಬೆನ್ನಿಗೆ ಹಾಕಿಕೊಂಡು, ಗಡಿಯಾರ ನೋಡಿಕೊಂಡು ಕಾರಿನವರೆಗೆ ಇಳಿಯಬೇಕು. ಎರಡು ಗಂಟೆಗಿಂತ ಜಾಸ್ತಿ ಹಿಡಿದ ಇಳಿಜಾರನ್ನು ಮ್ಯಾಪ್‌ನಲ್ಲಿ ಕೆಂಪು ಬಳಿದು ಬಿಟ್ಟುಬಿಡಬೇಕು. ಮೊದಲ ವಾರಾಂತ್ಯಕ್ಕೆ ನಾನೂ ಬರುತ್ತೇನೆ ಅಂದಿದ್ದೇನೆ.